ಆಟೋ ಮೋಡ್‌ನಲ್ಲಿ ಕ್ಯಾಮೆರಾ ಏನೇನು ಊಹಿಸುತ್ತದೆ?

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಅದರ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಯಾಕೆ ಅಂತ ಆಮೇಲೆ ಹೇಳುತ್ತೇನೆ. ಬೆಳಕು ಚೆನ್ನಾಗಿರುವ ಕಿಟಕಿಯ ಹತ್ತಿರ ಹಾಳೆಯನ್ನು ಇಡಿ. ಕ್ಯಾಮೆರಾವನ್ನು ಆಟೋ ಮೋಡ್‌ಗೆ ತಿರುಗಿಸಿ, ಫ್ಲ್ಯಾಶ್ ಬರದಂತೆ ನೋಡಿಕೊಳ್ಳಿ. ಚೌಕಟ್ಟಿನ ತುಂಬ ಹಾಳೆಯೇ ಕಾಣುವ ಹಾಗೆ ಹಿಡಿದು ಒಂದು ಚಿತ್ರ ತೆಗೆಯಿರಿ. ಈಗ ಅದೇ ಜಾಗದಲ್ಲಿ ಒಂದು ಕಪ್ಪು ಬಟ್ಟೆ ಹಾಸಿ, ಮೇಲೊಂದು ಬಿಳಿ ದಾರ ಇಟ್ಟು, ಇನ್ನೊಂದು ಚಿತ್ರ ತೆಗೆಯಿರಿ.

ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ. ಹಾಳೆ ಬಿಳಿಯಾಗಿ ಬಂದಿಲ್ಲ, ಮಂಕಾಗಿದೆ. ಬಟ್ಟೆ ಕಪ್ಪಾಗಿ ಬಂದಿಲ್ಲ, ತೊಳೆದು ತೊಳೆದು ಬಣ್ಣ ಹೋದ ಹಾಗಿದೆ. ಎರಡೂ ಬೂದು ಬಣ್ಣದ ಕಡೆಗೆ ಜಾರಿವೆ. ಬೆಳಕು ಒಂದೇ, ಜಾಗ ಒಂದೇ, ಕ್ಯಾಮೆರಾವೂ ಒಂದೇ. ಹೊಸ ಕ್ಯಾಮೆರಾಗಳಲ್ಲಿ ಈ ಜಾರುವಿಕೆ ಸ್ವಲ್ಪ ಕಡಿಮೆ ಇರಬಹುದು, ಆದರೆ ಇದ್ದೇ ಇರುತ್ತದೆ.

ಕ್ಯಾಮೆರಾ ಕೆಟ್ಟಿಲ್ಲ. ಅದು ಊಹೆ ಮಾಡಿದೆ, ಅಷ್ಟೆ. ಆಟೋ ಮೋಡ್ ಅಂದರೆ ಇಂಥ ನಾಲ್ಕೈದು ಊಹೆಗಳ ಒಂದು ಕಟ್ಟು. ಹೆಚ್ಚಿನ ಸಲ ಊಹೆ ಸರಿಯಾಗುತ್ತದೆ, ಚಿತ್ರ ಚೆನ್ನಾಗಿ ಬರುತ್ತದೆ. ತಪ್ಪಿದಾಗ ಮುಖ ಕಪ್ಪಾಗುತ್ತದೆ, ಓಡುವ ಮಗು ಮಸುಕಾಗುತ್ತದೆ, ಸಂಜೆಯ ಕೆಂಪು ಎಲ್ಲೋ ಮಾಯವಾಗುತ್ತದೆ. ಆಟೋ ಬಿಟ್ಟು, ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನುಯಲ್ ಕಲಿಯಿರಿ ಅನ್ನುವ ಸಲಹೆ ತುಂಬಾ ಜನ ಕೊಡುತ್ತಾರೆ. ಅದಕ್ಕಿಂತ ಮೊದಲು ಆಟೋದ ಊಹೆಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅದು ಏನು ಅಂದುಕೊಳ್ಳುತ್ತಿದೆ ಅಂತ ಗೊತ್ತಿದ್ದರೆ, ಡಯಲ್ ತಿರುಗಿಸದೆಯೇ ಅದಕ್ಕೆ ಸಹಾಯ ಮಾಡಬಹುದು.

ಮೀಟರ್‌ಗೆ ಕಾಣುವುದು ಬೆಳಕು ಮಾತ್ರ

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಒಂದು ಮೀಟರ್ ಇರುತ್ತದೆ. ಅದು ಅಳೆಯುವುದು ಎದುರಿನಿಂದ ವಾಪಸ್ ಬರುತ್ತಿರುವ ಬೆಳಕನ್ನು. ಒಂದಿಷ್ಟು ಬೆಳಕು ಬಂತು ಅಂದುಕೊಳ್ಳಿ. ಅದು ನೆರಳಿನಲ್ಲಿರುವ ಬಿಳಿ ಗೋಡೆಯಿಂದ ಬಂದಿರಬಹುದು, ಬಿಸಿಲಿನಲ್ಲಿರುವ ಕಪ್ಪು ಗೋಡೆಯಿಂದಲೂ ಬಂದಿರಬಹುದು. ಬರೀ ಬೆಳಕಿನ ಅಳತೆಯಿಂದ ಇದನ್ನು ಹೇಳಲು ಆಗುವುದಿಲ್ಲ. ಹಾಗಾಗಿ ಅದು ಒಂದು ನಂಬಿಕೆ ಇಟ್ಟುಕೊಂಡಿದೆ: ಎದುರಿಗೆ ಏನೇ ಇದ್ದರೂ, ಕಪ್ಪು ಬಿಳುಪು ಎಲ್ಲ ಸೇರಿಸಿ ಸರಾಸರಿ ತೆಗೆದರೆ ಅದು ಮಧ್ಯಮ ಬೂದು ಬಣ್ಣದಷ್ಟೇ ಇರುತ್ತದೆ. ಫೋಟೋಗ್ರಫಿಯಲ್ಲಿ ಇದಕ್ಕೆ ಹೇಳಿಕೊಂಡು ಬಂದಿರುವ ಅಂಕಿ ಶೇ 18. ಅಂದರೆ ಮೇಲೆ ಬಿದ್ದ ಬೆಳಕಿನ ನೂರು ಪಾಲಿನಲ್ಲಿ 18 ಪಾಲು ವಾಪಸ್ ಬರುವ ಬೂದು.

ಮರ, ಮನೆ, ಜನ, ಸ್ವಲ್ಪ ಆಕಾಶ ಇರುವ ಸಾಧಾರಣ ದೃಶ್ಯಕ್ಕೆ ಈ ನಂಬಿಕೆ ಅಚ್ಚರಿಯಾಗುವಷ್ಟು ಚೆನ್ನಾಗಿ ಹೊಂದುತ್ತದೆ. ಹಿಮ ತುಂಬಿದ ಬೆಟ್ಟಕ್ಕೆ, ಬಿಳಿ ಮರಳಿನ ದಂಡೆಗೆ, ಕಪ್ಪು ನಾಯಿಗೆ, ಕತ್ತಲ ವೇದಿಕೆಯ ಮೇಲೆ ಒಂದೇ ದೀಪದಡಿ ನಿಂತ ಹಾಡುಗಾರರಿಗೆ ಹೊಂದುವುದಿಲ್ಲ. ಹಿಮ ಬೂದಾಗುತ್ತದೆ. ವೇದಿಕೆಯ ಕತ್ತಲನ್ನು ಬೂದು ಮಾಡಲು ಹೋಗಿ ಕ್ಯಾಮೆರಾ ಹಾಡುಗಾರರ ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ.

ಈ ತೊಂದರೆ ಹಳೆಯದು. 1938ರಲ್ಲಿ ಬಂದ ಕೊಡಾಕ್‌ನ ಸೂಪರ್ ಸಿಕ್ಸ್-20 ಕ್ಯಾಮೆರಾ ಸೆಲೆನಿಯಂ ಸೆಲ್ ಒಂದರಿಂದ ಬೆಳಕನ್ನು ಅಳೆದು ತಾನೇ ಎಕ್ಸ್‌ಪೋಶರ್, ಅಂದರೆ ಒಳಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದನ್ನು, ಹೊಂದಿಸುತ್ತಿತ್ತು. ಇಡೀ ದೃಶ್ಯಕ್ಕೆ ಒಂದೇ ಅಳತೆ. 1983ರಲ್ಲಿ ನಿಕಾನ್ ಎಫ್‌ಎ ಚೌಕಟ್ಟನ್ನು ಐದು ಭಾಗ ಮಾಡಿ, ಪ್ರತಿ ಭಾಗವನ್ನೂ ಬೇರೆ ಬೇರೆಯಾಗಿ ಅಳೆದು, ಮೇಲಿನ ಭಾಗ ಜಾಸ್ತಿ ಬೆಳಗಿದ್ದರೆ ಅದು ಆಕಾಶ ಇರಬೇಕು ಅಂತ ಲೆಕ್ಕ ಹಾಕತೊಡಗಿತು. ಇವತ್ತಿನ ಕ್ಯಾಮೆರಾಗಳು ನೂರಾರು, ಸಾವಿರಾರು ಬಿಂದುಗಳನ್ನು ಅಳೆಯುತ್ತವೆ. ಮುಖವೊಂದು ಕಂಡರೆ ಅದಕ್ಕೆ ಹೆಚ್ಚು ಬೆಲೆ ಕೊಡುತ್ತವೆ. ಆದರೂ ಬುಡದಲ್ಲಿ ಬೂದಿನ ನಂಬಿಕೆ ಹಾಗೇ ಉಳಿದಿದೆ.

ಹಾಗಾದರೆ ನಾವೇನು ಮಾಡಬಹುದು? ಕಿಟಕಿಗೆ ಬೆನ್ನು ಹಾಕಿ ನಿಂತವರ ಚಿತ್ರ ತೆಗೆಯುವಾಗ ಮುಖ ಕಪ್ಪಾಗುವುದು ಎಲ್ಲರಿಗೂ ಗೊತ್ತಿರುವ ಕಷ್ಟ. ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಪರಿಹಾರ ಕ್ಯಾಮೆರಾದಲ್ಲಿ ಇಲ್ಲ, ಕಾಲಿನಲ್ಲಿದೆ. ನೀವು ಕಿಟಕಿಯ ಕಡೆ ಹೋಗಿ, ಅವರನ್ನು ಕಿಟಕಿಗೆ ಮುಖ ಮಾಡಿ ನಿಲ್ಲಿಸಿ. ಕಿಟಕಿಯಿಂದ ಬರುವ ಆ ಮೆತ್ತನೆಯ ಬೆಳಕು ಮುಖಕ್ಕೆ ಬೀಳುವುದು ಎಷ್ಟು ಚೆಂದ ಅಂದರೆ, ಮನೆಯೊಳಗೆ ಅದಕ್ಕಿಂತ ಒಳ್ಳೆಯ ದೀಪ ನಾನು ಕಂಡಿಲ್ಲ. ಹಾಗೆ ಮಾಡಲು ಆಗದಿದ್ದರೆ ಹತ್ತಿರ ಹೋಗಿ, ಕಿಟಕಿ ಕಡಿಮೆ ಕಾಣುವ ಹಾಗೆ, ಮುಖವೇ ಚೌಕಟ್ಟನ್ನು ತುಂಬುವ ಹಾಗೆ ಹಿಡಿಯಿರಿ. ಸರಾಸರಿಯಲ್ಲಿ ಮುಖದ ಪಾಲು ಹೆಚ್ಚಾದಷ್ಟೂ ಕ್ಯಾಮೆರಾದ ಊಹೆ ಮುಖಕ್ಕೆ ಹತ್ತಿರವಾಗುತ್ತದೆ. ಫೋನ್ ಕ್ಯಾಮೆರಾದಲ್ಲಾದರೆ ಮುಖದ ಮೇಲೆ ಬೆರಳಿಟ್ಟರೆ ಸಾಕು. ಆ ಜಾಗದ ಬೆಳಕನ್ನೇ ಮುಖ್ಯ ಅಂತ ಅದು ತೆಗೆದುಕೊಳ್ಳುತ್ತದೆ.

ಅರ್ಧ ಒತ್ತುವುದು

ಆಟೋ ಮೋಡ್‌ನಲ್ಲಿ ತೆಗೆಯುವವರು ಒಂದೇ ಒಂದು ವಿಷಯ ಕಲಿಯಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ. ಕ್ಯಾಮೆರಾದ ಬಟನ್‌ಗೆ ಎರಡು ಹಂತ ಇದೆ. ಮೆಲ್ಲಗೆ ಒತ್ತಿದರೆ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತದೆ. ಅಲ್ಲಿ ನಿಲ್ಲಿಸಬೇಕು. ಆಗ ಕ್ಯಾಮೆರಾ ಫೋಕಸ್ ಮಾಡುತ್ತದೆ, ಬೆಳಕನ್ನು ಅಳೆಯುತ್ತದೆ, ಬೀಪ್ ಅನ್ನುತ್ತದೆ ಅಥವಾ ಹಸಿರು ಚೌಕ ತೋರಿಸುತ್ತದೆ. ಅಲ್ಲಿಂದ ಪೂರ್ತಿ ಒತ್ತಿದರೆ ಚಿತ್ರ. ತುಂಬಾ ಜನ ಒಂದೇ ಏಟಿಗೆ ಪೂರ್ತಿ ಒತ್ತಿಬಿಡುತ್ತಾರೆ. ಆಗ ಎರಡು ನಷ್ಟ. ಒತ್ತಿದ ರಭಸಕ್ಕೆ ಕ್ಯಾಮೆರಾ ಅಲುಗುತ್ತದೆ. ಜೊತೆಗೆ, ಎಲ್ಲಿ ಫೋಕಸ್ ಆಯಿತು ಅಂತ ನೋಡುವ ಅವಕಾಶವೇ ಸಿಗುವುದಿಲ್ಲ.

ಆ ನೋಡುವುದು ಯಾಕೆ ಮುಖ್ಯ? ಯಾಕಂದರೆ ಫೋಕಸ್ ಎಲ್ಲಿರಬೇಕು ಅನ್ನುವುದು ಕೂಡ ಒಂದು ಊಹೆ. ಮುಖ ಕಾಣದಿದ್ದಾಗ ಹೆಚ್ಚಿನ ಕ್ಯಾಮೆರಾಗಳು ಆಟೋದಲ್ಲಿ ತಮಗೆ ಹತ್ತಿರ ಇರುವ ವಸ್ತುವನ್ನೇ ಹಿಡಿಯುತ್ತವೆ. ಹತ್ತಿರ ಇರುವುದೇ ಮುಖ್ಯ ಅನ್ನುವ ಲೆಕ್ಕ. ಆದ್ದರಿಂದಲೇ ಕೊಂಬೆಗಳ ನಡುವೆ ಕೂತ ಹಕ್ಕಿಯ ಬದಲು ಮುಂದಿನ ಎಲೆ ಸ್ಪಷ್ಟವಾಗಿ ಬರುತ್ತದೆ. ಬೇಲಿಯಾಚೆ ನಿಂತ ಕುದುರೆಯ ಬದಲು ಬೇಲಿಯ ತಂತಿ ಬರುತ್ತದೆ. ಅರ್ಧ ಒತ್ತಿದಾಗ ಹಸಿರು ಚೌಕ ಎಲೆಯ ಮೇಲಿದ್ದರೆ ಬೆರಳು ಬಿಡಿ, ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ಅರ್ಧ ಒತ್ತಿ. ಬೇಕಾದ ಕಡೆ ಚೌಕ ಕೂತ ಮೇಲೆ, ಬೆರಳನ್ನು ಅಲ್ಲೇ ಹಿಡಿದುಕೊಂಡು ಚೌಕಟ್ಟನ್ನು ಬೇಕಾದ ಹಾಗೆ ಸರಿಸಿ, ಆಮೇಲೆ ಪೂರ್ತಿ ಒತ್ತಿ. ಅಲ್ಲಾಡದ ವಸ್ತುಗಳಿಗೆ ಇದು ಬಹುತೇಕ ಎಲ್ಲ ಕ್ಯಾಮೆರಾಗಳಲ್ಲೂ ಕೆಲಸ ಮಾಡುತ್ತದೆ. ಅನೇಕ ಕ್ಯಾಮೆರಾಗಳಲ್ಲಿ ಅರ್ಧ ಒತ್ತಿದಾಗ ಫೋಕಸ್ ಜೊತೆ ಬೆಳಕಿನ ಅಳತೆಯೂ ಅಲ್ಲೇ ನಿಲ್ಲುತ್ತದೆ. ಹಾಗಿದ್ದಾಗ ಆಕಾಶ ಜಾಸ್ತಿ ಇರುವ ಚಿತ್ರಕ್ಕೆ ಮೊದಲು ಕ್ಯಾಮೆರಾವನ್ನು ಸ್ವಲ್ಪ ಕೆಳಗೆ, ನೆಲದ ಕಡೆಗೆ ಬಾಗಿಸಿ ಅರ್ಧ ಒತ್ತಿ, ಹಿಡಿದುಕೊಂಡೇ ಮೇಲೆತ್ತಿ ತೆಗೆಯಬಹುದು. ಒಂದು ಎಚ್ಚರ ಇಟ್ಟುಕೊಳ್ಳಿ: ಅರ್ಧ ಒತ್ತಿದಾಗ ಕಂಡ ವಸ್ತು ಮತ್ತು ನಿಮಗೆ ಬೇಕಾದ ವಸ್ತು ಹೆಚ್ಚುಕಡಿಮೆ ಒಂದೇ ದೂರದಲ್ಲಿರಬೇಕು. ಇಲ್ಲದಿದ್ದರೆ ಬೆಳಕು ಸರಿಯಾಗಿ, ಫೋಕಸ್ ತಪ್ಪುತ್ತದೆ.

ಈಗ ಆ ಗೆರೆಯ ಮಾತು. ಕ್ಯಾಮೆರಾ ಫೋಕಸ್ ಮಾಡುವುದು ಅಂಚುಗಳನ್ನು ನೋಡಿ. ಒಂದು ಬಗೆಯ ವ್ಯವಸ್ಥೆಯಲ್ಲಿ ಲೆನ್ಸನ್ನು ಹಿಂದೆ ಮುಂದೆ ಸರಿಸುತ್ತಾ, ಯಾವಾಗ ಅಂಚು ಎಲ್ಲಕ್ಕಿಂತ ಚೂಪಾಗಿ ಕಾಣುತ್ತದೆ ಅಂತ ಹುಡುಕುತ್ತದೆ. ಇನ್ನೊಂದು ಬಗೆಯಲ್ಲಿ ಲೆನ್ಸಿನ ಎರಡು ಕಡೆಯಿಂದ ಬಂದ ಬೆಳಕನ್ನು ಹೋಲಿಸಿ, ಎಷ್ಟು ಸರಿಸಬೇಕು ಅಂತ ಒಂದೇ ಸಲಕ್ಕೆ ಲೆಕ್ಕ ಹಾಕುತ್ತದೆ. ಇದು ಬೇಗ ಆಗುತ್ತದೆ. ಎರಡಕ್ಕೂ ಅಂಚು ಬೇಕೇ ಬೇಕು. ಬರೀ ಬಿಳಿ ಹಾಳೆ, ಖಾಲಿ ಗೋಡೆ, ಮೋಡವಿಲ್ಲದ ಆಕಾಶ ಇಂಥವುಗಳಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಲೆನ್ಸ್ ಸುಮ್ನೆ ಹಿಂದೆ ಮುಂದೆ ಓಡಾಡುತ್ತದೆ, ಎಷ್ಟೋ ಕ್ಯಾಮೆರಾಗಳು ಚಿತ್ರ ತೆಗೆಯುವುದೇ ಇಲ್ಲ. ಕತ್ತಲಲ್ಲೂ ಇದೇ ಕಷ್ಟ. ಕ್ಯಾಮೆರಾದ ಮುಂಭಾಗದ ಸಣ್ಣ ದೀಪ ಕೆಂಪಗೋ ಬೆಳ್ಳಗೋ ಒಮ್ಮೆ ಹೊತ್ತಿಕೊಳ್ಳುತ್ತದೆ ಅಲ್ವಾ? ಅದು ಅಂಚು ಕಾಣಲಿ ಅಂತಲೇ. ಹಸಿರು ಚಿಹ್ನೆ ಮಿನುಗುತ್ತಿದ್ದರೆ ಫೋಕಸ್ ಸಿಕ್ಕಿಲ್ಲ ಅಂತ ಅರ್ಥ. ಆಗ ಅಷ್ಟೇ ದೂರದಲ್ಲಿರುವ, ಅಂಚು ಚೆನ್ನಾಗಿ ಕಾಣುವ ಬೇರೆ ಏನನ್ನಾದರೂ ಹಿಡಿಯಿರಿ. ಅಂಗಿಯ ಕಾಲರು, ಬಾಗಿಲ ಚೌಕಟ್ಟು, ಪುಸ್ತಕದ ಅಕ್ಷರ, ಏನಾದರೂ ಆದೀತು.

ಓಡುವ ಮಗು

ಎಷ್ಟು ಬೆಳಕು ಬೇಕು ಅಂತ ತೀರ್ಮಾನವಾದ ಮೇಲೆ ಅದನ್ನು ಒಳಗೆ ಬಿಡುವ ದಾರಿ ಹಲವು. ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಲೆನ್ಸಿನ ಕಿಂಡಿ ಅಂದರೆ ಅಪರ್ಚರ್ ಎಷ್ಟು ಅಗಲ ಇರಬೇಕು, ಬಂದ ಬೆಳಕಿನ ಸಂಕೇತವನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಮೂರು ಪ್ರಶ್ನೆ. ಮೂರನೆಯದೇ ಐಎಸ್‌ಒ. ಕಿಂಡಿಯ ಅಗಲವನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ. ಎಫ್/4ರಲ್ಲಿ 1/125 ಸೆಕೆಂಡ್, ಎಫ್/2.8ರಲ್ಲಿ 1/250 ಸೆಕೆಂಡ್, ಎಫ್/5.6ರಲ್ಲಿ 1/60 ಸೆಕೆಂಡ್, ಮೂರರಲ್ಲೂ ಒಳಗೆ ಬರುವ ಬೆಳಕು ಒಂದೇ. ಆದರೆ ಚಿತ್ರ ಒಂದೇ ಅಲ್ಲ. ಎಫ್ ಸಂಖ್ಯೆ ಚಿಕ್ಕದಿದ್ದಷ್ಟೂ ಕಿಂಡಿ ಅಗಲ, ಹಿನ್ನೆಲೆ ಹೆಚ್ಚು ಮಸುಕು. ಶಟರ್ ನಿಧಾನವಾದಷ್ಟೂ ಚಲನೆ ಹೆಚ್ಚು ಕಾಣುತ್ತದೆ.

ಆಟೋ ಮೋಡ್‌ಗೆ ಎಲ್ಲಕ್ಕಿಂತ ದೊಡ್ಡ ಭಯ ನಿಮ್ಮ ಕೈ ನಡುಗುವುದು. ಅದು ತಪ್ಪುವಷ್ಟು ವೇಗ ಸಿಕ್ಕಿದರೆ ಸಾಮಾನ್ಯವಾಗಿ ಅದಕ್ಕೆ ಸಮಾಧಾನ. ಹಳೆಯ ಲೆಕ್ಕವೊಂದಿದೆ: ಲೆನ್ಸಿನ ಫೋಕಲ್ ಲೆಂತ್ (ದೂರದ್ದನ್ನು ಎಷ್ಟು ಹತ್ತಿರ ತೋರಿಸುತ್ತದೆ ಅನ್ನುವ ಅಳತೆ) 50 ಮಿ.ಮೀ. ಆದರೆ 1/50 ಸೆಕೆಂಡ್, ಜೂಮ್ ಮಾಡಿ 200 ಮಿ.ಮೀ.ಗೆ ಹೋದರೆ 1/200 ಸೆಕೆಂಡ್, ಅದಕ್ಕಿಂತ ನಿಧಾನ ಬೇಡ. ಆದರೆ ಈ ಲೆಕ್ಕದಲ್ಲಿ ಎದುರಿಗಿರುವವರ ಓಟ ಸೇರಿಲ್ಲ. ಮಗುವೊಂದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಅಡ್ಡ ಓಡಿತು ಅನ್ನಿ. 1/60 ಸೆಕೆಂಡಿನಲ್ಲಿ ಅದು 5 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಮುಖ ಗುರುತೇ ಸಿಗದಷ್ಟು ಮಸುಕಾಗಲು ಅಷ್ಟು ಸಾಕು. 1/500 ಸೆಕೆಂಡಿನಲ್ಲಾದರೆ ಅದೇ ಮಗು 6 ಮಿಲಿಮೀಟರ್ ಮಾತ್ರ ಸರಿದಿರುತ್ತದೆ. ಕ್ಯಾಮೆರಾದಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೂ ಇಲ್ಲಿ ಪ್ರಯೋಜನವಿಲ್ಲ. ಅದು ನಿಮ್ಮ ಕೈಯನ್ನು ಸರಿಮಾಡುತ್ತದೆ, ಮಗುವನ್ನು ನಿಲ್ಲಿಸುವುದಿಲ್ಲ.

ಡಯಲ್‌ನಲ್ಲೋ ಮೆನುವಿನಲ್ಲೋ ಓಡುವ ಮನುಷ್ಯನ ಚಿತ್ರ ಇದ್ದರೆ ಅದನ್ನು ಆರಿಸಿ. ಅದೂ ಆಟೋನೇ, ಆದರೆ ವೇಗಕ್ಕೆ ಮೊದಲ ಸ್ಥಾನ ಕೊಡುವ ಆಟೋ. ಇಲ್ಲದಿದ್ದರೆ ಮಗುವನ್ನು ಬೆಳಕು ಜಾಸ್ತಿ ಇರುವ ಕಡೆ ಆಡಲು ಬಿಡಿ. ಬೆಳಕು ಹೆಚ್ಚಾದರೆ ಶಟರ್ ತಾನಾಗಿ ವೇಗವಾಗುತ್ತದೆ. ಇನ್ನೊಂದು ಉಪಾಯ ನನಗೆ ಉಯ್ಯಾಲೆ ಕಲಿಸಿದ್ದು. ಅಕ್ಕನ ಮಗಳು ಜೀಕುತ್ತಿದ್ದಾಗ ತೆಗೆದ ಹತ್ತಾರು ಚಿತ್ರಗಳಲ್ಲಿ ಎರಡೇ ಸ್ಪಷ್ಟವಾಗಿದ್ದವು. ಎರಡರಲ್ಲೂ ಉಯ್ಯಾಲೆ ತುದಿಯಲ್ಲಿತ್ತು. ಮೇಲೆ ಹೋಗಿ, ವಾಪಸ್ ತಿರುಗುವ ಮುಂಚೆ ಅದು ಒಂದು ಗಳಿಗೆ ನಿಲ್ಲುತ್ತದೆ. ಜಿಗಿತದ ತುದಿಯಲ್ಲೂ ಇಂಥ ಗಳಿಗೆ ಇದೆ, ಕುಣಿಯುವಾಗ ತಿರುಗುವ ಹೊತ್ತಿನಲ್ಲೂ ಇದೆ. ಅರ್ಧ ಒತ್ತಿ ಕಾಯುತ್ತಿದ್ದು, ಆ ಗಳಿಗೆಯಲ್ಲಿ ಪೂರ್ತಿ ಒತ್ತಿ. ಮೊದಲೇ ಅರ್ಧ ಒತ್ತಿಟ್ಟಿದ್ದರೆ ಫೋಕಸ್‌ಗೆ ಹೋಗುವ ಸಮಯ ಉಳಿಯುತ್ತದೆ. ಆದರೆ ಒತ್ತಿಡುವಾಗ ಮಗು ಅದೇ ದೂರದಲ್ಲಿ ಇರಬೇಕು. ಉಯ್ಯಾಲೆಯನ್ನು ಎದುರಿನಿಂದ ತೆಗೆಯುವ ಬದಲು ಪಕ್ಕದಿಂದ ತೆಗೆದರೆ ಆ ದೂರ ಅಷ್ಟಾಗಿ ಬದಲಾಗುವುದಿಲ್ಲ.

ಬೆಳಕು ತೀರಾ ಕಡಿಮೆಯಾದಾಗ ಕ್ಯಾಮೆರಾ ಐಎಸ್‌ಒ ಏರಿಸುತ್ತದೆ. 100 ಇದ್ದದ್ದು 1600, 3200 ಆಗುತ್ತದೆ. ಚಿತ್ರದಲ್ಲಿ ಮರಳು ಎರಚಿದ ಹಾಗೆ ಚುಕ್ಕೆಗಳು ಕಾಣತೊಡಗುತ್ತವೆ. ಇದಕ್ಕೆ ಬೇಸರ ಬೇಡ. ಚುಕ್ಕೆ ಇರುವ ಸ್ಪಷ್ಟ ಚಿತ್ರ, ಚುಕ್ಕೆ ಇಲ್ಲದ ಮಸುಕು ಚಿತ್ರಕ್ಕಿಂತ ಯಾವಾಗಲೂ ಮೇಲು.

ಫ್ಲ್ಯಾಶ್ ಎಷ್ಟು ದೂರ ಹೋಗುತ್ತದೆ?

ಕತ್ತಲು ಅನ್ನಿಸಿದ ಕೂಡಲೇ ಆಟೋ ಮೋಡ್ ಫ್ಲ್ಯಾಶ್ ಎತ್ತುತ್ತದೆ. ಎದುರಿನ ವಸ್ತು ಹತ್ತಿರ ಇದೆ ಅನ್ನುವುದು ಅದರ ಊಹೆ. ಕ್ಯಾಮೆರಾದ ಜೊತೆಗೇ ಇರುವ ಸಣ್ಣ ಫ್ಲ್ಯಾಶಿನ ಶಕ್ತಿ ತುಂಬಾ ಕಡಿಮೆ. ಆ ಶಕ್ತಿಯನ್ನು ಗೈಡ್ ನಂಬರ್ ಅನ್ನುವ ಅಂಕಿಯಲ್ಲಿ ಹೇಳುತ್ತಾರೆ. ಗೈಡ್ ನಂಬರ್ 12 ಇರುವ ಫ್ಲ್ಯಾಶ್, ಐಎಸ್‌ಒ 100, ಎಫ್/4ರಲ್ಲಿ ತಲುಪುವುದು 3 ಮೀಟರ್. 12ನ್ನು 4ರಿಂದ ಭಾಗಿಸಿದರೆ ಬರುವ ಲೆಕ್ಕ ಅದು. ಐಎಸ್‌ಒ ಏರಿಸಿದರೆ ಇನ್ನಷ್ಟು ದೂರ ಹೋಗುತ್ತದೆ, ಆದರೆ ಮಿತಿ ಬೇಗ ಬರುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು.

ಸಭಾಂಗಣದ ಹಿಂದಿನ ಸಾಲಿನಿಂದ ವೇದಿಕೆಯ ಕಡೆ ಫ್ಲ್ಯಾಶ್ ಹೊಡೆದರೆ ಮುಂದೆ ಕೂತವರ ತಲೆಗಳು ಬೆಳಗುತ್ತವೆ, ವೇದಿಕೆ ಕತ್ತಲಾಗುತ್ತದೆ. ಫ್ಲ್ಯಾಶ್ ಇದೆ ಅನ್ನುವ ಧೈರ್ಯದಲ್ಲಿ ಕ್ಯಾಮೆರಾ ವೇದಿಕೆಯ ದೀಪಗಳ ಬೆಳಕನ್ನು ಪೂರ್ತಿ ತೆಗೆದುಕೊಳ್ಳುವಷ್ಟು ಹೊತ್ತು ಶಟರ್ ತೆರೆದಿರುವುದಿಲ್ಲ. ಇಂಥ ಕಡೆ ಮಿಂಚಿನ ಗುರುತಿಗೆ ಅಡ್ಡಗೆರೆ ಎಳೆದ ಮೋಡ್‌ಗೆ ಹೋಗಿ. ಅದು ಫ್ಲ್ಯಾಶ್ ಇಲ್ಲದ ಆಟೋ. ಶಟರ್ ನಿಧಾನವಾಗುತ್ತದೆ, ಹಾಗಾಗಿ ಮೊಣಕೈಗಳನ್ನು ಮೈಗೆ ಒತ್ತಿ ಹಿಡಿಯಿರಿ, ಅಥವಾ ಕ್ಯಾಮೆರಾವನ್ನು ಮೇಜಿನ ಮೇಲೋ ಕುರ್ಚಿಯ ಬೆನ್ನಿನ ಮೇಲೋ ಊರಿ. ಅಲ್ಲಾಡದ ದೃಶ್ಯವಾದರೆ 2 ಸೆಕೆಂಡಿನ ಟೈಮರ್ ಇಡಿ, ಬೆರಳಿನ ಅಲುಗಾಟವೂ ತಪ್ಪುತ್ತದೆ.

ಅದೇ ಫ್ಲ್ಯಾಶ್ ಸುಡು ಬಿಸಿಲಿನಲ್ಲಿ ತುಂಬಾ ಉಪಕಾರಿ. ಸೂರ್ಯ ಎದುರಿಗಿರುವವರ ಬೆನ್ನ ಹಿಂದಿದ್ದಾಗ, ಟೋಪಿಯ ನೆರಳು ಕಣ್ಣಿನ ಮೇಲೆ ಬಿದ್ದಾಗ, ಎರಡು ಮೀಟರ್ ದೂರದಿಂದ ಫ್ಲ್ಯಾಶ್ ಹಾಕಿದರೆ ಮುಖ ತೆರೆದುಕೊಳ್ಳುತ್ತದೆ.

ಕೆಂಪು ಕಣ್ಣಿನ ವಿಷಯ ಚಿಕ್ಕದು. ಫ್ಲ್ಯಾಶಿನ ಬೆಳಕು ಅಗಲವಾಗಿ ತೆರೆದ ಪಾಪೆಯೊಳಗೆ ಹೋಗಿ, ಹಿಂದಿನ ರಕ್ತನಾಳಗಳಿಂದ ಕೆಂಪಾಗಿ ವಾಪಸ್ ಬರುತ್ತದೆ. ಪಾಪೆ ಕುಗ್ಗಲಿ ಅಂತ ಕ್ಯಾಮೆರಾ ಮೊದಲೇ ಒಂದು ಬೆಳಕು ಬಿಡುತ್ತದೆ. ಎದುರಿಗಿದ್ದವರು ಚಿತ್ರ ಆಯಿತು ಅಂದುಕೊಂಡು ಆಚೆ ನೋಡುತ್ತಾರೆ. ಎರಡನೇ ಬೆಳಕಿನ ತನಕ ಹಾಗೇ ನಿಲ್ಲಿ ಅಂತ ಮೊದಲೇ ಹೇಳಿ.

ಬಣ್ಣದ ಊಹೆ

ನಮ್ಮ ಕಣ್ಣು ಬಣ್ಣದ ವಿಷಯದಲ್ಲಿ ಬಹಳ ಹೊಂದಿಕೊಳ್ಳುತ್ತದೆ. ಹಳದಿ ಬಲ್ಬಿನ ಕೆಳಗೂ ಬಿಳಿ ಅಂಗಿ ನಮಗೆ ಬಿಳಿಯಾಗಿಯೇ ಕಾಣುತ್ತದೆ. ನಿಜವಾಗಿ, ಬೆಳಕಿನ ಬಣ್ಣವನ್ನು ಹೇಳುವ ಕೆಲ್ವಿನ್ ಅಳತೆಯಲ್ಲಿ, ಆ ಬಲ್ಬಿನ ಬೆಳಕು ಸುಮಾರು 2800 ಕೆಲ್ವಿನ್, ನಡುಹಗಲಿನ ಬಿಸಿಲು ಸುಮಾರು 5500, ನೆರಳು 7000ಕ್ಕೂ ಮೇಲೆ. ಅಂಕಿ ಕಡಿಮೆಯಾದಷ್ಟು ಕಿತ್ತಳೆ, ಹೆಚ್ಚಾದಷ್ಟು ನೀಲಿ. ಕ್ಯಾಮೆರಾ ದೃಶ್ಯದ ಬಣ್ಣಗಳನ್ನು ನೋಡಿ, ಬೆಳಕಿನ ಬಣ್ಣ ಇಷ್ಟಿರಬೇಕು ಅಂತ ಊಹಿಸಿ ತಿದ್ದುತ್ತದೆ. ಇದು ಆಟೋ ವೈಟ್ ಬ್ಯಾಲೆನ್ಸ್.

ಸಂಜೆಯ ಆಕಾಶದ ಮುಂದೆ ಈ ತಿದ್ದುವಿಕೆಯೇ ತೊಂದರೆ. ಆ ಕಿತ್ತಳೆ ಬೆಳಕಿನ ದೋಷ ಅಂತ ಕ್ಯಾಮೆರಾ ತಿಳಿಯುತ್ತದೆ, ಸ್ವಲ್ಪ ತೊಳೆದುಬಿಡುತ್ತದೆ. ಸೂರ್ಯಾಸ್ತದ ಮೋಡ್ ಇದ್ದರೆ ಅದನ್ನೇ ಬಳಸಿ. ಅದು ಬಣ್ಣವನ್ನು ಹಾಗೇ ಬಿಡುತ್ತದೆ, ಇನ್ನಷ್ಟು ಕೆಂಪು ಕೂಡ ಸೇರಿಸುತ್ತದೆ. ಮನೆಯೊಳಗಿನ ತೊಂದರೆ ಬೇರೆ. ಕಿಟಕಿಯಿಂದ ನೀಲಿ ಬೆಳಕು, ಮೇಲಿನಿಂದ ಹಳದಿ ಬಲ್ಬು, ಎರಡೂ ಒಂದೇ ಮುಖದ ಮೇಲೆ. ಯಾವುದಕ್ಕೆ ಹೊಂದಿಸಿದರೂ ಇನ್ನೊಂದು ಕೆಡುತ್ತದೆ. ಬಲ್ಬು ಆರಿಸಿಬಿಡಿ.

ಹೀಗೆ ತಿದ್ದಿದ ಚಿತ್ರವನ್ನು ಆಟೋ ಮೋಡ್ ಸಾಮಾನ್ಯವಾಗಿ ಜೆಪೆಗ್, ಅಂದರೆ ಗಾತ್ರ ಕುಗ್ಗಿಸಿದ ಫೈಲ್, ಆಗಿ ಉಳಿಸುತ್ತದೆ. ಬೆಳಕನ್ನು ಹಿಡಿಯುವ ಸೆನ್ಸರ್‌ನ ಮೂಲ ಮಾಹಿತಿಯಲ್ಲಿ ಒಂದೊಂದು ಬಣ್ಣಕ್ಕೆ 4,096 ಅಥವಾ 16,384 ಹಂತಗಳಿದ್ದರೆ ಜೆಪೆಗ್‌ನಲ್ಲಿ ಉಳಿಯುವುದು 256. ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡೋಣ ಅಂದರೆ ಜಾಗ ಕಡಿಮೆ. ಅದರಲ್ಲೂ ಪೂರ್ತಿ ಬೆಳ್ಳಗಾದ ಮೋಡದಲ್ಲಿ ವಾಪಸ್ ತರಲು ಏನೂ ಉಳಿದಿರುವುದಿಲ್ಲ. ಸ್ವಲ್ಪ ಕಪ್ಪಾದ ಚಿತ್ರವನ್ನು ಎತ್ತುವುದು ಅದಕ್ಕಿಂತ ಸುಲಭ.

ಕ್ಯಾಮೆರಾ ಏನು ಮಾಡಿತ್ತು ಅಂತ ಓದುವುದು

ಪ್ರತಿ ಚಿತ್ರದ ಜೊತೆ ಕ್ಯಾಮೆರಾ ತನ್ನ ತೀರ್ಮಾನಗಳನ್ನೂ ಬರೆದಿಟ್ಟಿರುತ್ತದೆ. ಕಂಪ್ಯೂಟರಿನಲ್ಲಿ ಚಿತ್ರದ ವಿವರ ತೆರೆದರೆ ಶಟರ್, ಅಪರ್ಚರ್, ಐಎಸ್‌ಒ, ಫ್ಲ್ಯಾಶ್ ಬಂತೋ ಇಲ್ಲವೋ, ಎಲ್ಲ ಕಾಣುತ್ತದೆ. ಹಳೆಯ ಚಿತ್ರಗಳಲ್ಲಿ ಚೆನ್ನಾಗಿ ಬಂದ ಹತ್ತು, ಕೆಟ್ಟ ಹತ್ತು ಆರಿಸಿ ಈ ಅಂಕಿಗಳನ್ನು ನೋಡಿ. ಮಸುಕಾದ ಚಿತ್ರದ ಶಟರ್ 1/15 ಇರುತ್ತದೆ, ಸ್ಪಷ್ಟವಾದದ್ದರಲ್ಲಿ 1/250. ಚುಕ್ಕೆ ತುಂಬಿದ್ದರ ಐಎಸ್‌ಒ 3200. ನಾನು ಶಟರ್ ಕಲಿತದ್ದು ಹೀಗೆಯೇ. ಯಾವ ಪಾಠವೂ ಇಷ್ಟು ಬೇಗ ತಲೆಗೆ ಹತ್ತಿರಲಿಲ್ಲ.

ಇಷ್ಟಾದ ಮೇಲೆ ಡಯಲ್‌ನಲ್ಲಿ ಆಟೋದ ಹತ್ತಿರವೇ ಇರುವ ಪಿ ಅಕ್ಷರಕ್ಕೆ ಒಂದು ಸಲ ಹೋಗಿ ಬನ್ನಿ. ಅಲ್ಲಿಯೂ ಶಟರ್, ಅಪರ್ಚರ್ ಕ್ಯಾಮೆರಾದ್ದೇ ಜವಾಬ್ದಾರಿ. ಆದರೆ ಕೂಡು, ಕಳೆ ಗುರುತಿರುವ ಬಟನ್ ನಿಮ್ಮ ಮಾತು ಕೇಳುತ್ತದೆ. ಪೂರ್ತಿ ಆಟೋದಲ್ಲಿ ಎಷ್ಟೋ ಕ್ಯಾಮೆರಾಗಳು ಅದನ್ನು ಮುಟ್ಟಲು ಬಿಡುವುದಿಲ್ಲ. +1 ಅಂದರೆ ನೀನು ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ಬೆಳಕು ಬಿಡು ಅಂತ. -1 ಅಂದರೆ ಅರ್ಧ ಸಾಕು ಅಂತ. ಗೆರೆ ಎಳೆದ ಆ ಹಾಳೆ ಇನ್ನೂ ಕಿಟಕಿಯ ಹತ್ತಿರ ಇದ್ದರೆ +1 ಇಟ್ಟು ಒಂದು, +1.7 ಇಟ್ಟು ಇನ್ನೊಂದು ತೆಗೆದು ನೋಡಿ. ಎರಡರಲ್ಲಿ ಒಂದರಲ್ಲಿ ಹಾಳೆ ಬಿಳಿಯಾಗಿ ಬರುತ್ತದೆ. ಕಪ್ಪು ಬಟ್ಟೆಗೆ ಇದೇ ಅಂಕಿಗಳು, ಕಳೆಯುವ ಕಡೆಗೆ.